ನಮಗಿಂತ ಮೊದಲು ಬಂದವರು

ಹೋದ ವರ್ಷ ಕಾಲುವೆಗೆ ನೀರು ಬಿಟ್ಟು, ಕಂಪ್ಲಿ ಹತ್ತಿರದ ಮೆಟ್ರಿಯ ಗದ್ದೆಗಳಲ್ಲಿ ಭತ್ತದ ನಾಟಿ ಮುಗಿದಿದ್ದ ಹೊತ್ತಿನಲ್ಲಿ ನಡೆದ ಸಂಗತಿ ಇದು. ನಡೆದದ್ದು ನಿಜ. ಆದರೆ ಹೇಗೆ ನಡೆಯಿತು ಎಂದು ಕೇಳಿದರೆ ಎದೆ ತಟ್ಟಿ ಹೇಳಲಾರೆ. ಅವತ್ತು ಆ ಪಡಸಾಲೆಯಲ್ಲಿ ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದೆನೆಂದು ನನ್ನ ನೆನಪು. ಹೇಳಲೇ ಇಲ್ಲ ಎನ್ನುತ್ತಾನೆ ನನ್ನ ಪಕ್ಕದಲ್ಲೇ ಕುಳಿತಿದ್ದ ಅಕ್ಕನ ಮಗ. ಮನುಷ್ಯ ತನಗೆ ಅನುಕೂಲವಾದದ್ದನ್ನೇ ನೆನಪಿಟ್ಟುಕೊಳ್ಳುತ್ತಾನೆ ಎಂದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳೆಯರೊಂದಿಗೆ ಜಗಳಕ್ಕೆ ಬಿದ್ದು ವಾದಿಸಿದವನು ನಾನು. ಆ ವಾದ ಒಂದು ದಿನ ನನ್ನ ಕೊರಳಿಗೇ ಬೀಳುತ್ತದೆಂದು ಅಂದುಕೊಂಡಿರಲಿಲ್ಲ.

ಹೊಸಪೇಟೆಯ ಬಸ್ ಸ್ಟ್ಯಾಂಡಿಗೆ ಹತ್ತಿರ, ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ನಾನು ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ನರ್ಸಿಂಗ್ ಓದುವವರು, ಬ್ಯಾಂಕ್ ಪರೀಕ್ಷೆಗೆ ಕೂರುವವರು, ಹಂಪಿಯಲ್ಲಿ ಗೈಡ್ ಆಗಬೇಕೆನ್ನುವವರು ಬರುತ್ತಾರೆ. ಎಲ್ಲರೂ ಎಡವುವ ಜಾಗ ಒಂದೇ, ಪಾಸ್ಟ್ ಪರ್ಫೆಕ್ಟ್. ಅದನ್ನು ಕಲಿಸಲು ನನ್ನದೇ ಒಂದು ದಾರಿ ಇದೆ. ಹಿಂದೆ ಆಗಿಹೋದ ಎರಡು ಸಂಗತಿಗಳನ್ನು ಅಣ್ಣ ತಮ್ಮ ಎಂದು ತಿಳಿಯಿರಿ ಎನ್ನುತ್ತೇನೆ. ಮೊದಲು ಮುಗಿದದ್ದು ಅಣ್ಣ. ಅಣ್ಣನ ತಲೆಗೆ ರುಮಾಲು ಸುತ್ತಬೇಕು, ಆ ರುಮಾಲೇ ಹ್ಯಾಡ್. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ. ತಮ್ಮನಿಗೆ ರುಮಾಲು ಬೇಡ, ಸಾದಾ ಭೂತಕಾಲ ಸಾಕು. ಇಷ್ಟು ಹೇಳಿದರೆ ಎಂಥವರಿಗೂ ತಲೆಗೆ ಹೋಗುತ್ತದೆ.

ನನಗೆ ಇನ್ನೊಂದು ಅಭ್ಯಾಸವೂ ಇದೆ. ವಿದ್ಯಾರ್ಥಿ ಒಂದು ಸರಿಯಾದ ವಾಕ್ಯ ಹೇಳಿದ ಕೂಡಲೇ ಅದನ್ನು ಕೊನೆಯ ಬೆಂಚಿಗೂ ಕೇಳುವಂತೆ ಕನ್ನಡದಲ್ಲಿ ಜೋರಾಗಿ ಹೇಳಿಬಿಡುತ್ತೇನೆ. ಕೆಳಗಿನ ಬೇಕರಿಯವರು ಸಹ ಇಂಗ್ಲಿಷ್ ಕಲಿತರು ಎಂದು ಹುಡುಗರು ನಗುವುದುಂಟು. ವರ್ಷಗಟ್ಟಲೆ ಮಾಡಿ ಮಾಡಿ ಅದು ಸೀನು ಬಂದಷ್ಟೇ ಸಹಜವಾಗಿಬಿಟ್ಟಿದೆ. ತಡೆಯಲು ಆಗುವುದಿಲ್ಲ.

ನನ್ನ ಅಕ್ಕ ಟಿ.ಬಿ. ಡ್ಯಾಂ ಕಾಲೊನಿಯಲ್ಲಿ ಇರುತ್ತಾಳೆ. ಅವಳ ಒಬ್ಬನೇ ಮಗ ಪ್ರವೀಣ ಸಂಡೂರಿನ ಒಂದು ಗಣಿ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ಅವನಿಗೆ ಮೆಟ್ರಿಯ ಒಂದು ಹುಡುಗಿಯ ಫೋಟೋ ಬಂದಿತ್ತು. ಅವನು ನೋಡಿ ಒಪ್ಪಿದ್ದ. ಅಕ್ಕ ನನಗೆ ಫೋನ್ ಮಾಡಿದಳು.

"ಐತವಾರ ಖಾಲಿ ಇಟ್ಕೊ. ಸೋದರಮಾವ ಇಲ್ದ ಹೆಣ್ಣು ನೋಡಾಕ ಹೋಗಾಕಾಗತೈತೇನು? ಮತ್ತ ಆಕೀಗೆ ಇಂಗ್ಲಿಷ್ ಎಷ್ಟು ಬರತೈತಿ, ನೀನೇ ನೋಡಬೇಕು."

"ಅಲ್ಲಬೇ, ಹೆಣ್ಣು ನೋಡಾಕ ಹೊಂಟೀಯೋ, ಇಂಟರ್‌ವ್ಯೂ ಮಾಡಾಕ ಹೊಂಟೀಯೋ?" ಎಂದೆ.

"ನಗಬ್ಯಾಡ ಸುಮ್ನಿರು. ಬಾಜೂ ಮನಿ ಸೊಸಿ ಕೂಸಿನ ಜೋಡಿ ಇಂಗ್ಲಿಷಿನ್ಯಾಗ ಮಾತಾಡ್ತಾಳ. ನಾಳೆ ನನ್ನ ಮೊಮ್ಮಕ್ಕಳ ಹೋಂವರ್ಕ್ ಯಾರು ಮಾಡಸ್ತಾರ, ನಾನೇನು?"

ನಕ್ಕೆನಾದರೂ ಒಳಗೊಳಗೇ ಹಿಗ್ಗಿದೆ. ಎಂ.ಎ. ಮಾಡಿ ಬೇಕರಿಯ ಮೇಲೆ ಕುಳಿತವನನ್ನು ನೆಂಟರಲ್ಲಿ ಯಾರೂ ಯಾವುದಕ್ಕೂ ಕೇಳುತ್ತಿರಲಿಲ್ಲ.

ಭಾನುವಾರ ಕಾರು ಮಾಡಿಕೊಂಡು ಹೊರಟೆವು. ಭಾವನಿಗೆ ಡ್ಯೂಟಿ ಇತ್ತು. ಪ್ರವೀಣ ಹೊಸ ಬೂಟು ಹಾಕಿದ್ದ, ಗಳಿಗೆಗೊಮ್ಮೆ ಬಗ್ಗಿ ಒರೆಸಿಕೊಳ್ಳುತ್ತಿದ್ದ. ಸಂಡೂರಿನ ಕೆಂಪು ಧೂಳು ಅಂಟಿ ಅಂಟಿ ಅವನಿಗೆ ಅದೇ ಚಾಳಿ. ಹೆಣ್ಣು ನೋಡಲು ಮೂರು ಜನ ಹೋಗಬಾರದು ಎಂದು ಅಕ್ಕ ಕಂಪ್ಲಿಯಲ್ಲಿ ಬಸಣ್ಣನನ್ನು ಹತ್ತಿಸಿಕೊಂಡಳು. ಬಸಣ್ಣನದು ಅಲ್ಲಿ ಗೊಬ್ಬರದ ಅಂಗಡಿ. ಸುತ್ತಲಿನ ಹಳ್ಳಿಗಳ ರೈತರೆಲ್ಲ ಅವನಿಗೆ ಪರಿಚಯ. ಈ ಸಂಬಂಧ ಹೇಳಿದ್ದೂ, ಫೋಟೋ ತಂದುಕೊಟ್ಟಿದ್ದೂ ಅವನೇ.

ಮೆಟ್ರಿಯ ಆ ಮನೆಯ ಮುಂದೆ ಹುಡುಗಿಯ ತಂದೆ ಎರ್ರಿಸ್ವಾಮಿ ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸುತ್ತಿದ್ದರು. "ಬರ್ರಿ ಬರ್ರಿ, ಕುಂದ್ರಿ," ಎಂದು ನಾವು ಕುಳಿತ ಮೇಲೂ ಹೇಳುತ್ತಲೇ ಇದ್ದರು. ಕುರ್ಚಿಗಳಲ್ಲಿ ಕೆಲವು ನೀಲಿ, ಕೆಲವು ಕೆಂಪು. ಕೆಂಪು ಕುರ್ಚಿಗಳು ಪಕ್ಕದ ಮನೆಯವು ಇರಬೇಕು ಎಂದು ನಾನು ಲೆಕ್ಕ ಹಾಕಿದೆ. ಶಿರಾ, ಉಪ್ಪಿಟ್ಟು, ಬಾಳೆಹಣ್ಣು ಬಂದವು. ಒಂದಕ್ಕೂ ತಡವಿಲ್ಲ, ಗಡಿಬಿಡಿಯಿಲ್ಲ. ಈ ಅಚ್ಚುಕಟ್ಟುತನವನ್ನೂ ನಾನು ಗಮನಿಸಿದೆ. ಗಮನಿಸಿದ್ದು ಆಮೇಲೆ ಕೆಟ್ಟ ಕೆಲಸಕ್ಕೆ ಬಂತು.

ಹುಡುಗಿ ಚಹಾ ತಂದಳು. ಹೆಸರು ನೇತ್ರಾವತಿ, ಕಂಪ್ಲಿಯಲ್ಲಿ ಬಿ.ಕಾಂ. ಮುಗಿಸಿದ್ದಳು. ಅಕ್ಕ ಅಡುಗೆ, ಓದು, ವಯಸ್ಸು ಎಂದು ಒಂದೆರಡು ಮಾತು ಕೇಳಿ, ಮೊಣಕೈಯಿಂದ ನನ್ನನ್ನು ತಿವಿದಳು. ನಾನು ಇಂಗ್ಲಿಷಿನಲ್ಲಿ ಅವಳ ಓದಿನ ಬಗ್ಗೆ, ಊರಿನ ಬಗ್ಗೆ ಕೇಳಿದೆ. ತಡವರಿಸದೆ ಉತ್ತರಿಸಿದಳು. ಎರ್ರಿಸ್ವಾಮಿ ಮಗಳ ಬಾಯನ್ನೇ ನೋಡುತ್ತಿದ್ದರು. ಒಂದು ಪದವೂ ಅರ್ಥವಾಗದೆ ಅಷ್ಟು ಸಂತೋಷಪಡುವ ಮುಖವನ್ನು ನಾನು ನೋಡಿರಲಿಲ್ಲ.

"ಸಾಕು ಮಾಮ," ಎಂದ ಪ್ರವೀಣ, ಮೆಲ್ಲಗೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇಂಥ ಉತ್ತರಗಳನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದಲ್ಲ ಎನ್ನಿಸಿತು. ಬಾಯಿಪಾಠವೋ ಅಲ್ಲವೋ ನೋಡಿಬಿಡೋಣ ಎಂದುಕೊಂಡೆ.

"ಟೆನ್ಸ್ ಎಲ್ಲಾ ಗೊತ್ತೇನವಾ? ಪಾಸ್ಟ್ ಪರ್ಫೆಕ್ಟ್ ಹೆಂಗ ಮಾಡ್ತಾರ ಹೇಳು."

"ಹ್ಯಾಡ್ ಹಾಕಿ, ಅದರ ಮುಂದ ವರ್ಬಿನ ಥರ್ಡ್ ಫಾರ್ಮ್ ಹಾಕೋದು ಸರ್."

"ಗೋ?"

"ಗಾನ್."

"ಈಟ್?"

"ಈಟನ್."

"ಕಮ್?" ನನ್ನ ಹಳೆಯ ಬಲೆ ಇದು. ಇಲ್ಲಿ ಹತ್ತರಲ್ಲಿ ಎಂಟು ಮಂದಿ ಬೀಳುತ್ತಾರೆ.

"ಕಮ್ ಸರ್. ಕಮ್, ಕೇಮ್, ಕಮ್."

"ಏನಬೇ ಇದು, ಹೊಳ್ಳಿ ಅಲ್ಲಿಗೇ ಬಂತಲ್ಲ!" ಎಂದ ಬಸಣ್ಣ. "ನಮ್ಮ ಕಂಪ್ಲಿ ಬಸ್ ಇದ್ದಂಗೈತಿ." ಎಲ್ಲರೂ ನಕ್ಕರು. ನೇತ್ರಾವತಿಯೂ ನಕ್ಕಳು. ಪ್ರವೀಣ ಅವಳನ್ನು ನೋಡಿದ, ಅವಳು ನೆಲ ನೋಡಿದಳು. ಆ ಗಳಿಗೆಯಲ್ಲಿ ಸಂಬಂಧ ಕುದುರಿದಂತೆಯೇ ಇತ್ತು.

"ಹಂಗಾರ ಕಮ್ ಹಾಕಿ ಒಂದು ವಾಕ್ಯ ಹೇಳು, ಮುಗೀತು," ಎಂದೆ.

ಅವಳು ಸ್ವಲ್ಪ ಯೋಚಿಸಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಹೇಳಿದಳು: "ಬಿಫೋರ್ ಯೂ ಕೇಮ್, ಒನ್ ಫ್ಯಾಮಿಲಿ ಹ್ಯಾಡ್ ಕಮ್."

ಅಣ್ಣನಿಗೆ ರುಮಾಲು ಇತ್ತು, ತಮ್ಮನಿಗೆ ಇರಲಿಲ್ಲ. ಒಂದೇ ಕ್ರಿಯಾಪದ ಎರಡು ಕಡೆ, ಎರಡೂ ಸರಿ. ನನ್ನ ಕ್ಲಾಸಿನಲ್ಲಿ ಮೂರು ತಿಂಗಳು ಕುಳಿತವರಿಗೂ ಬಾರದ ವಾಕ್ಯ! "ವೆರಿ ಗುಡ್!" ಎಂದು ತೊಡೆ ತಟ್ಟಿ, ಕೊನೆಯ ಬೆಂಚಿನ ಕಡೆ ತಿರುಗುವಂತೆ ಅಕ್ಕ ಮತ್ತು ಬಸಣ್ಣನ ಕಡೆ ತಿರುಗಿ, ಜೋರಾಗಿ ಕನ್ನಡದಲ್ಲಿ ಹೇಳಿದೆ: "ನೀವು ಬರೋಕಿಂತ ಮೊದಲು ಒಂದು ಮನಿಯವರು ಬಂದು ಹೋಗಿದ್ರು!"

ಅಕ್ಕನ ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿಯಿತು.

"ಯಾರು ಬಂದು ಹೋಗಿದ್ರು?"

"ಯಾರೂ ಬಂದಿಲ್ರಿ ಅಕ್ಕಾರ," ಎಂದರು ಎರ್ರಿಸ್ವಾಮಿ. ಏನು ನಡೆಯಿತೆಂದು ಅವರಿಗೆ ತಿಳಿದಿರಲಿಲ್ಲ. "ನೀವೇ ಮೊದಲು."

"ನಿಮ್ಮ ಮಗಳೇ ಹೇಳಿದ್ಲಲ್ರಿ. ಬಂದವರು ಯಾಕ ಬ್ಯಾಡ ಅಂದ್ರು? ಅದನ್ನರ ಹೇಳ್ರಿ. ಬಸಣ್ಣ, ನಿನಗ ಗೊತ್ತಿತ್ತೇನು?"

"ದೇವರಾಣಿ ನನಗೇನೂ ಗೊತ್ತಿಲ್ಲಬೇ," ಎಂದ ಬಸಣ್ಣ. ಅವನು ಹೇಳಿದ ರೀತಿ ಹೇಗಿತ್ತೆಂದರೆ, ಗೊತ್ತಿರಬೇಕಾದದ್ದು ಏನೋ ಇದೆ ಎಂಬಂತೆ ಕೇಳಿಸಿತು.

ನೇತ್ರಾವತಿ ಟ್ರೇ ಹಿಡಿದುಕೊಂಡೇ ನಿಂತಿದ್ದಳು. ಅವಳು ಅಕ್ಕನಿಗೆ ಉತ್ತರ ಕೊಡಲಿಲ್ಲ. ನನ್ನನ್ನು ನೋಡಿದಳು. "ಸರ್, ನೀವರ ಹೇಳ್ರಿ. ಎಕ್ಸಾಂಪಲ್ ಅಷ್ಟೇ ಅಂತ ಹೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿದ್ದವರಲ್ಲಿ ಆ ವಾಕ್ಯ ಹೇಗೆ ಹುಟ್ಟಿತೆಂದು ಬಲ್ಲವನು ನಾನೊಬ್ಬನೇ. ಕಮ್ ಎಂಬ ಪದ ಕೊಟ್ಟವನು ನಾನು. ಎದುರಿಗೆ ಬಂದು ಕುಳಿತ ನಾವೇ ಅವಳಿಗೆ ಸಿಕ್ಕ ಉದಾಹರಣೆ. ಇಷ್ಟನ್ನು ಹೇಳಲು ಅರ್ಧ ನಿಮಿಷ ಬೇಕಿರಲಿಲ್ಲ. ಆದರೆ ಆಗ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಯಾವ ಉದಾಹರಣೆಯೂ ಗಾಳಿಯಿಂದ ಬರುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಕೆಂಪು ಕುರ್ಚಿಗಳು ನೆನಪಾದವು. ತಡವಿಲ್ಲದೆ ಬಂದ ಶಿರಾ ನೆನಪಾಯಿತು. ಈ ಮನೆಗೆ ಇದು ರೂಢಿ ಇದ್ದಂತಿದೆ, ಯಾರೋ ಬಂದು ಹೋಗಿದ್ದರೂ ಇರಬಹುದು ಎನ್ನಿಸಿತು. ಯಾವುದನ್ನೂ ಕೂಡಲೇ ನಂಬಬಾರದು ಎಂಬುದು ನಾನು ಓದಿ ಕಲಿತ ಒಂದೇ ವಿದ್ಯೆ. ಅದನ್ನು ಒಬ್ಬ ಹುಡುಗಿಯ ಮೇಲೆ, ಆ ಹೊತ್ತಿನಲ್ಲಿ ಪ್ರಯೋಗಿಸಿದೆ.

ಕೊನೆಗೆ "ಉದಾಹರಣೆ ಅಷ್ಟೇ" ಎಂದು ಅಂದೆ. ಹಾಗೆಂದು ನನ್ನ ನೆನಪು.

ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. "ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ತೀವ್ರಿ." ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರ್ರಿಸ್ವಾಮಿ ಕಾರಿನವರೆಗೆ ಬಂದರು. "ಉಪ್ಪಿಟ್ಟು ಹಂಗೇ ಬಿಟ್ರಲ್ಲ," ಎಂದಷ್ಟೇ ಹೇಳಿದರು.

ಬಸಣ್ಣ ಕಂಪ್ಲಿಯಲ್ಲಿ ಇಳಿದುಕೊಂಡ. ಕಂಪ್ಲಿ ದಾಟಿದ ಮೇಲೆ ಪ್ರವೀಣ ಸಿಡಿದ.

"ಅದು ಗ್ರಾಮರ್ ಐತವ್ವ! ಮಾಮ ಕೇಳಿದ, ಆಕಿ ಹೇಳಿದ್ಲು."

"ಇಲ್ಲದ್ದು ಸುಮ್ಮನ ಬಾಯಾಗ ಬರತೈತೇನು? ಮುಚ್ಚಿಟ್ಟು ಮಾಡೋ ಸಂಬಂಧ ನನಗ ಬ್ಯಾಡ."

"ಮಾಮ, ನೀ ಯಾಕ ಕಲ್ಲಿನಂಗ ಕುಂತಿ?"

"ಹೇಳಿದ್ನಲ್ಲೋ, ಉದಾಹರಣೆ ಅಷ್ಟೇ ಅಂದೆ."

"ಎಲ್ಲಿ ಅಂದಿ? ನಿನ್ನ ಬಾಜೂಕ ನಾನೇ ಕುಂತಿದ್ದೆ. ನಿನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ."

ಆಮೇಲೆ ಪ್ರವೀಣ ನಮ್ಮ ಮನೆಗೆ ಬರುವುದನ್ನು ಬಿಟ್ಟ. ಅಕ್ಕನಿಗೆ ನಾನು ಎರಡು ಸಲ ಫೋನಿನಲ್ಲಿ ವಿವರಿಸಲು ನೋಡಿದೆ. "ನಿನಗೇ ಖಾತ್ರಿ ಐತೇನು?" ಎಂದು ಕೇಳಿದಳು. "ಖಾತ್ರಿ ಅಂತ ಹೆಂಗ ಹೇಳ್ಲಿ," ಎಂದೆ. ಅಕ್ಕ ಫೋನ್ ಇಟ್ಟಳು. ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಖಾತ್ರಿ ಎಂದು ಒಂದು ಮಾತು ಹೇಳಿ ಆ ಮನೆಯ ಬಾಗಿಲು ಮತ್ತೆ ತೆರೆಸುತ್ತಿದ್ದರು.

ದಿನ ಕಳೆದಂತೆ ನೆನಪು ಇನ್ನೂ ಕಲಸಿಹೋಯಿತು. ಒಂದು ದಿನ, ಅವಳು ಗಾನ್ ಎಂದಿದ್ದಳು, ಹಾಗಾಗಿಯೇ ನಾನು "ಹೋಗಿದ್ರು" ಎಂದೆ ಎಂದು ತೋರುತ್ತಿತ್ತು. ಇನ್ನೊಂದು ದಿನ, ಆ "ಹೋಗಿದ್ರು" ನನ್ನದೇ ಸೇರಿಕೆ ಎನ್ನಿಸುತ್ತಿತ್ತು. ಬರೀ ಬಂದರು ಎಂದರೆ ಒಂದು ಅರ್ಥ. ಹೆಣ್ಣು ನೋಡುವ ಮನೆಯಲ್ಲಿ ಬಂದು ಹೋದರು ಎಂದರೆ ಬೇಡವೆಂದು ಹೋದರು ಎಂದೇ ಅರ್ಥ. ಕ್ಲಾಸಿನಲ್ಲಿ ಪಾಸ್ಟ್ ಪರ್ಫೆಕ್ಟ್ ಪಾಠ ಬಂದಾಗ ಹುಡುಗರಿಗೆ ರೈಲು ಹೊರಟುಹೋಗಿತ್ತು ಎಂಬ ವಾಕ್ಯ ಕೊಟ್ಟು ಬೇಗ ಮುಗಿಸತೊಡಗಿದೆ.

ಚಳಿಗಾಲದಲ್ಲಿ ನಾನು ವಿದ್ಯಾರ್ಥಿಗಳನ್ನು ಆಗಾಗ ಹಂಪಿಗೆ ಕರೆದೊಯ್ಯುತ್ತೇನೆ. ವಿದೇಶಿಯರನ್ನು ಮಾತಾಡಿಸಿದರೆ ಸಂಕೋಚ ಹೋಗುತ್ತದೆಂದು. ಹಾಗೆ ಹೋದ ಒಂದು ದಿನ, ಬಾಳೆತೋಟದ ಕಡೆಯ ಓಣಿಯಲ್ಲಿ ಒಂದು ಸಣ್ಣ ಗೆಸ್ಟ್ ಹೌಸಿನ ಮುಂದೆ ಒಬ್ಬ ಹುಡುಗಿ ವಯಸ್ಸಾದ ವಿದೇಶಿ ದಂಪತಿಗೆ ಬಾಡಿಗೆ ಸೈಕಲ್ ತೋರಿಸುತ್ತ ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿದ್ದಳು. ಸ್ಪಷ್ಟವಾದ, ಅವಸರವಿಲ್ಲದ ಇಂಗ್ಲಿಷ್. ನನ್ನ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವಳು ಈ ಕಡೆ ತಿರುಗಿದಾಗ ನೇತ್ರಾವತಿ ಎಂದು ಗೊತ್ತಾಯಿತು.

ತಪ್ಪಿಸಿಕೊಳ್ಳಲು ಓಣಿ ಕಿರಿದಾಗಿತ್ತು.

"ಬರ್ರಿ ಸರ್," ಎಂದಳು. "ಇವತ್ತೇನು ಟೆಸ್ಟ್ ಐತಿ?"

ಹುಡುಗರನ್ನು ಮುಂದೆ ಕಳಿಸಿದೆ. ಗೆಸ್ಟ್ ಹೌಸ್ ಅವಳ ಚಿಕ್ಕಮ್ಮನದಂತೆ, ಮನೆಯಲ್ಲಿ ಕುಳಿತು ಸಾಕಾಗಿ ಬಂದಿದ್ದಾಳಂತೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ ಪ್ರಶ್ನೆ. "ಅವತ್ತು ನೀವು ಖರೇ ಏನಂದ್ರಿ? ಹ್ಯಾಡ್ ಕಮ್ ಅಂದ್ರೋ, ಹ್ಯಾಡ್ ಗಾನ್ ಅಂದ್ರೋ?" ಮೆಟ್ರಿಯಲ್ಲಿ ಏಕವಚನದಲ್ಲಿ ಮಾತಾಡಿಸಿದವನು ಹಂಪಿಯಲ್ಲಿ ಬಹುವಚನಕ್ಕೆ ಬಂದಿದ್ದೆ.

ಅವಳು ನನ್ನನ್ನೇ ನೋಡಿದಳು. "ಹ್ಯಾಡ್ ಕಮ್ ಅಂದೆ ಸರ್. ಕಮ್ ಹಾಕಿ ಹೇಳು ಅಂದವರು ನೀವೇ. ಹೋಗಿದ್ರು ಅಂತ ಸೇರಿಸಿದವರೂ ನೀವೇ."

"ಆಮೇಲೆ ನಾನು ಉದಾಹರಣೆ ಅಷ್ಟೇ ಅಂದ್ನಲ್ಲ?"

"ಎಲ್ಲಿ ಅಂದ್ರಿ? ಬಾಳೆಹಣ್ಣು ಸುಲಿಯಾಕತ್ತಿದ್ರಿ."

ಬಾಳೆಹಣ್ಣು ನನಗೆ ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆದರೆ ಅವಳು ಅದನ್ನು ಹೇಳಿದ ಕೂಡಲೇ ನನ್ನ ಬೆರಳುಗಳಿಗೆ ಹೇಗೋ ಗೊತ್ತಾಯಿತು.

"ಊರಾಗ ಸುದ್ದಿ ಹರಡಾಕ ಎಷ್ಟೊತ್ತು ಬೇಕು?" ಎಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೇತ್ರಾನ್ನ ಒಂದು ಮನಿಯವರು ಬಿಟ್ಟು ಹೋಗ್ಯಾರಂತ ಅಂತಾರ. ಅವತ್ತು ನಾನು ಹೇಳಿದ್ದು ಸುಳ್ಳಿತ್ತು ಸರ್. ಈಗ ಖರೇ ಆತು. ಮುಂದ ಯಾರರ ಬಂದ್ರ ಅದೇ ವಾಕ್ಯ ಹೇಳಬಹುದು. ಒನ್ ಫ್ಯಾಮಿಲಿ ಹ್ಯಾಡ್ ಕಮ್. ಆ ಫ್ಯಾಮಿಲಿ ನೀವು."

ನಾನು ಏನೂ ಹೇಳಲಿಲ್ಲ. ಇದನ್ನು ಮಾತ್ರ ಖಚಿತವಾಗಿ ನೆನಪಿಟ್ಟುಕೊಂಡಿದ್ದೇನೆ.

"ಮುಂದಿನ ವಾರ ಗಂಗಾವತಿ ಕಡೆಯವರು ಬರೋರಿದ್ದಾರ," ಎಂದು ಅವಳು ಸೈಕಲ್ಲಿನ ಸೀಟು ಒರೆಸುತ್ತ ಹೇಳಿದಳು. "ಅಪ್ಪ ಹೇಳ್ಯಾನ, ಕೇಳಿದ್ರ ಇಂಗ್ಲಿಷ್ ಬರಂಗಿಲ್ಲ ಅನ್ನು ಅಂತ. ಅಷ್ಟು ಹೆದರ್ಯಾನ. ಅವರು ಮೊದಲು ಬಂದವರು ಯಾಕ ಬಿಟ್ರು ಅಂತ ಕೇಳಿದ್ರ ಏನು ಹೇಳ್ಲಿ ಸರ್? ಅದಕ್ಕೊಂದು ಸೆಂಟೆನ್ಸ್ ಹೇಳಿಕೊಡ್ರಿ."

ಒಳಗಿನಿಂದ ಚಿಕ್ಕಮ್ಮ ಕರೆದರು. ಅವಳು ಹೋದಳು.

ಮಗಳು ಇಂಗ್ಲಿಷ್ ಮಾತಾಡುವಾಗ ಎರ್ರಿಸ್ವಾಮಿಯವರ ಮುಖ ಹೇಗಿತ್ತೆಂದು ಆಗಲೇ ಬರೆದಿದ್ದೇನೆ. ಅದೇ ಮನುಷ್ಯ ಈಗ ಬಾಯಿ ಮುಚ್ಚಿಕೋ ಎನ್ನುತ್ತಿದ್ದಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗರು ತಾವು ಯಾವ ಯಾವ ದೇಶದವರನ್ನು ಮಾತಾಡಿಸಿದೆವು ಎಂದು ಗದ್ದಲ ಮಾಡುತ್ತಿದ್ದರು. ನಾನು ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದೆ.

ಈ ಸಂಬಂಧವೂ ಬಸಣ್ಣ ಹೇಳಿದ್ದೇ ಇರಬೇಕೆಂದು ಮರುದಿನ ಕಂಪ್ಲಿಗೆ ಹೋದೆ. ಗಂಗಾವತಿಯವರು ಬಂದಾಗ ನಾನೂ ಬಂದು, ತಪ್ಪು ನಮ್ಮದೆಂದು ಹೇಳುತ್ತೇನೆ ಎಂದು ಬಸಣ್ಣನನ್ನು ಕೇಳಿಕೊಂಡೆ. ಅವನು ಗೊಬ್ಬರದ ಚೀಲಗಳ ನಡುವೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಬರಬ್ಯಾಡ್ರಿ ಮಾಸ್ತರ. ನೀವು ಬಾಯಿ ಬಿಟ್ರೂ ಕೆಲಸ ಕೆಡತೈತಿ, ಮುಚ್ಚಿದ್ರೂ ಕೆಡತೈತಿ. ಅವರಿಗೆ ಹೇಳೋದನ್ನ ನಾನು ಹೇಳಿಕೊಳ್ತೀನಿ."

ಅಷ್ಟಕ್ಕೇ ಹೊರಟು ಬರಬೇಕಿತ್ತು. ನೇತ್ರಾವತಿ ಬಾಯಿ ಬಿಟ್ಟು ಹೇಳಿದ್ದಳು, ಅವಳ ತಂದೆ ದೇವರಂಥ ಮುಖ ಮಾಡಿಕೊಂಡು ಹೇಳಿದ್ದರು. ಆದರೂ ನನ್ನೊಳಗಿನ ಆ ಹಾಳು ಹುಳು ಸುಮ್ಮನಿರಲಿಲ್ಲ. ಬಾಗಿಲವರೆಗೆ ಹೋದವನು ತಿರುಗಿ ನಿಂತು, ನಿಜಕ್ಕೂ ಮೊದಲು ಯಾರೂ ಬಂದಿರಲಿಲ್ಲವೇ, ಮತ್ತೆ ಆ ಕೆಂಪು ಕುರ್ಚಿಗಳೆಲ್ಲ ಅಷ್ಟು ಅಚ್ಚುಕಟ್ಟಾಗಿ ಹೇಗೆ ಬಂದಿದ್ದವು ಎಂದು ಕೇಳಿಯೇ ಬಿಟ್ಟೆ. ಬಸಣ್ಣನ ಮುಖದಲ್ಲಿ ಮೂಡಿದ ಅಸಹ್ಯವನ್ನು ನಾನು ಮರೆಯುವುದು ಸಾಧ್ಯವಿಲ್ಲ.

"ಇನ್ನೂ ಅನುಮಾನ ಐತೇನ್ರಿ ನಿಮಗ? ಆ ಹುಡುಗಿ ಫೋಟೋ ತೆಗಸಿದ ದಿನಾನೇ ಎರ್ರಿಸ್ವಾಮಿ ಅದನ್ನ ನನ್ನ ಕೈಯಾಗ ಕೊಟ್ಟ. ನಾನು ಅಂಗಡಿ ಮುಚ್ಚಿ ಸೀದಾ ನಿಮ್ಮ ಅಕ್ಕನ ಮನಿಗೆ ತಂದೆ. ಬೇಕಾರ ಕೆಂಪು ಕುರ್ಚಿ ಕೊಟ್ಟವರನ್ನೂ ಕೇಳ್ರಿ, ಹೋಗ್ರಿ."

ನಾಚಿಕೆಗೆಟ್ಟವನು, ಅವರನ್ನೂ ಕೇಳಿದೆ. ಮೆಟ್ರಿಯ ಆ ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕುಳಿತು ಅದೇ ಮಾತು ಹೇಳಿದಳು. ಈಗ ನನಗೆ ಖಾತ್ರಿಯಾಗಿದೆ. ನಮಗಿಂತ ಮೊದಲು ಆ ಮನೆಗೆ ಯಾರೂ ಬಂದಿರಲಿಲ್ಲ.